ಎರಡೂ ಮುಕ್ಕಾಲು ಇಂಚು

ಬೆಳಗಿನಿಂದ ಅವನು ನಾಲ್ಕು ಸಲ ಅಡುಗೆಮನೆಗೆ ಹೋಗಿ ಬಂದಿದ್ದ. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಹಳೆಯ ಕಟ್ಟೆ, ಹಳೆಯ ಕಪಾಟು ಎಲ್ಲವನ್ನೂ ಕಿತ್ತು ಹದಿನೆಂಟು ದಿನವಾಗಿತ್ತು. ಹೊಸ ಗಾರೆ ಬಳಿಸಿಕೊಂಡು ಒಣಗಿದ ಗೋಡೆ, ಇನ್ನೂ ಕತ್ತರಿ ತಾಗದ ಬಟ್ಟೆಯ ಹಾಗೆ ಈ ತುದಿಯಿಂದ ಆ ತುದಿಗೆ ಹರಡಿಕೊಂಡಿತ್ತು. ಹೋದಾಗಲೆಲ್ಲ ಬಾಗಿಲಲ್ಲಿ ಒಂದು ಗಳಿಗೆ ನಿಂತು, ಇಲ್ಲದ ಡ್ರಾಯರನ್ನು ಎಳೆದು, ಇಲ್ಲದ ಬಾಗಿಲನ್ನು ಮೊಣಕಾಲಿನಿಂದ ಮುಚ್ಚಿ, ಇಲ್ಲದ ಕಟ್ಟೆಯ ಮೇಲೆ ಎರಡೂ ಅಂಗೈ ಊರುತ್ತಿದ್ದ. ನೆಲದಿಂದ ಮೂವತ್ತೇಳು ಇಂಚು. ಬೆನ್ನು ಬಗ್ಗಬೇಕಾಗಿಲ್ಲ. ಇಪ್ಪತ್ತೆರಡು ವರ್ಷ ಊರಿನವರ ಮೈಯೆಲ್ಲ ಅಳೆದು ಹೊಲಿದವನಿಗೆ, ತನ್ನ ಮೈಯ ಅಳತೆಗೆ ಸರಿಯಾಗಿ ಮಾಡಿಸಿದ ವಸ್ತು ಎಂದರೆ ಇದೇ ಮೊದಲು. ಅವನು ಹಾಕಿಕೊಳ್ಳುವ ಅಂಗಿಗಳೆಲ್ಲ ಯಾರೋ ಹೊಲಿಯಲು ಕೊಟ್ಟು ವಾಪಸ್ಸು ಬಾರದೆ ಉಳಿದವು. ಒಂದರ ತೋಳು ಗಿಡ್ಡ, ಇನ್ನೊಂದರ ಕುತ್ತಿಗೆ ಬಿಗಿ. ದರ್ಜಿಯ ಮೈಮೇಲೆ ಅದೆಲ್ಲ ಯಾರಿಗೂ ಕಾಣುವುದಿಲ್ಲ. ಮೊದಲ ದಿನ ಬಡಗಿ ಬಂದಾಗ, ಪಾಪ, ಆತ ನೇರವಾಗಿ ದರ್ಜಿಯ ಹೆಂಡತಿಯ ಮುಂದೆ ಹೋಗಿ ನಿಂತು, "ಅಮ್ಮಾ, ಕಟ್ಟೆ ನಿಮ್ಮ ಎಲ್ಲಿವರೆಗೆ ಬರ್ಬೇಕು, ಕೈ ಇಟ್ಟು ತೋರ್ಸಿ" ಎಂದಿದ್ದ. ಅವಳು ಆಗಷ್ಟೇ ಕೆಲಸದಿಂದ ಬಂದು, ಬಸ್ಸು ಓಡಿಸಿ ಓಡಿಸಿ ಮರಗಟ್ಟಿದ ಹೆಗಲನ್ನು ತಾನೇ ಒತ್ತಿಕೊಳ್ಳುತ್ತ, "ನನ್ನನ್ನ ಯಾಕೆ ಕೇಳ್ತೀರಿ, ನಾನು ಆ ಕೋಣೆಗೆ ಊಟಕ್ಕೆ ಬರೋಳು. ಅವರನ್ನ ಕೇಳಿ" ಎಂದಿದ್ದಳು. ಬಡಗಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ನಗಲಿಲ್ಲ. ನಗದೆ ಇದ್ದದ್ದಕ್ಕೇ ಅವನ ಕಿವಿ ಬಿಸಿಯಾಯಿತು. ಆದರೆ ಬಡಗಿಯ ಪೆನ್ಸಿಲ್ಲು ಅವನ ಸೊಂಟದ ಮೇಲೆ, ಮೊಣಕೈಯ ಕೆಳಗೆ, ಗಾಳಿಯಲ್ಲಿ ಒಂದು ಗೆರೆ ಎಳೆದಾಗ ಮೈಯೆಲ್ಲ ಕಚಗುಳಿ ಇಟ್ಟಂತಾಗಿತ್ತು. ಅಳೆಸಿಕೊಳ್ಳುವವರಿಗೆ ಹೀಗೆ ಆಗುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

"ಅಳಿಯಂದ್ರೇ, ಹೆರಿಗೆ ಕೋಣೆ ಬಾಗಿಲಲ್ಲಿ ನಿಂತ ಹಾಗೆ ನಿಂತಿದ್ದೀರಲ್ಲ," ಎಂದರು ಅತ್ತೆ, ಹಿಂದಿನಿಂದ. "ನನ್ನ ಮಗಳು ಹೆರೋವಾಗಲೂ ನೀವು ಇಷ್ಟು ಓಡಾಡಿದ್ದು ನಾನು ಕಾಣೆ." ಅವನು ಮಾತು ತೇಲಿಸಿ ಹೊಲಿಗೆ ಕೋಣೆಗೆ ಬಂದ. ಹದಿನೆಂಟು ದಿನದಿಂದ ಒಲೆ ಅಲ್ಲೇ, ಕತ್ತರಿಸುವ ಮೇಜಿನ ಕೆಳಗೆ. ಒಂದು ಕಡೆ ಈರುಳ್ಳಿ ಹುರಿಯುವುದು, ಇನ್ನೊಂದು ಕಡೆ ಯಾರದೋ ಪ್ಯಾಂಟಿಗೆ ಇಸ್ತ್ರಿ. ಹೋದ ವಾರ ಬ್ಯಾಂಕಿನ ಹೆಂಗಸೊಬ್ಬರು ಹೊಸ ಕೋಟು ಹಾಕಿಕೊಂಡು, ಕನ್ನಡಿ ನೋಡಿಕೊಳ್ಳುವ ಮೊದಲು ತೋಳನ್ನು ಮೂಸಿ ನೋಡಿದರು. ನಕ್ಕು, ಕಿಟಕಿ ತೆರೆದಿದೆಯೇ ಎಂದಷ್ಟೇ ಕೇಳಿದರು. ಆ ನಗು ಎರಡು ದಿನ ಅವನ ಜೊತೆ ಊಟಕ್ಕೆ ಕೂತಿತ್ತು. ಇವತ್ತಿಗೆ ಅದೆಲ್ಲ ಮುಗಿಯಿತು. ಸಂಜೆ ಹೆಂಡತಿ ಬರುವ ಹೊತ್ತಿಗೆ, ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ, ಎಲ್ಲ ಅದರದರ ಜಾಗದಲ್ಲಿ. ಕೆಳಗೆ ವ್ಯಾನಿನ ಸದ್ದಾದದ್ದೇ ತಡ, ಮೆಟ್ಟಿಲನ್ನು ಎರಡೆರಡಾಗಿ ಇಳಿದ. ನಲವತ್ತೇಳು ವರ್ಷದ ಮೊಣಕಾಲು ಕಟಕ್ ಎಂದದ್ದು ಅವನಿಗೆ ಕೇಳಿಸಲಿಲ್ಲ.

ಬಡಗಿಯ ಜೊತೆ ಆತನ ಭಾವಮೈದುನ, ಹೆಂಡತಿಯ ತಮ್ಮ, ಬಂದಿದ್ದ. ಮೂವತ್ತು ದಾಟಿದ, ಉದ್ದಕ್ಕೆ ಬೆಳೆದ, ಯಾವಾಗಲೂ ಏನನ್ನೋ ಮರೆತು ಬಂದವನ ಹಾಗೆ ಕಾಣುವ ಮನುಷ್ಯ. ವ್ಯಾನಿನಲ್ಲಿ, ಕಟ್ಟೆಯ ಕೆಳಗೆ ಕೂರುವ ನಾಲ್ಕು ಕಪಾಟಿನ ಪೆಟ್ಟಿಗೆಗಳನ್ನು ಕಂಬಳಿ ಸುತ್ತಿ ಮಲಗಿಸಿದ್ದರು. ಬಡಗಿ ಒಂದು ಕಡೆ ಹಿಡಿದು, "ಗೋಡೆಗೆ ತಾಗಿಸ್ಬೇಡ, ಹೇಳಿದ್ದೀನಿ" ಎಂದ. "ತಾಗಿಲ್ಲ ಭಾವ." "ತಾಗೋಕೆ ಮುಂಚೆ ಹೇಳ್ತಿದ್ದೀನಿ. ತಾಗಿದ ಮೇಲೆ ಹೇಳಿ ಏನು ಸುಖ." ಮೆಟ್ಟಿಲ ತಿರುವಿನಲ್ಲಿ ಉಸಿರು ತೆಗೆದುಕೊಳ್ಳಲು ನಿಂತಾಗ ಬಡಗಿ, ಪಕ್ಕದಲ್ಲೇ ಇರುವ ಭಾವಮೈದುನನಿಗೆ ಕೇಳಲಿ ಎಂಬಂತೆ, ದರ್ಜಿಗೆ ಹೇಳಿದ: "ಮಾಸ್ಟ್ರೇ, ಹೋದ ತಿಂಗಳು ಒಬ್ಬರ ಮನೆ ಬಾಗಿಲುಗಳನ್ನೆಲ್ಲ ಈ ಪುಣ್ಯಾತ್ಮ ಒಂದೊಂದು ಇಂಚು ಗಿಡ್ಡ ಕುಯ್ದಿದ್ದ. ಇವನ ಅಕ್ಕ ಅತ್ತಳು ಅಂತ ಉಳಿಸ್ಕೊಂಡಿದ್ದೀನಿ. ನಿಮ್ಮನೇದು ಪೂರ್ತಿ ಇವನೇ ಕುಯ್ದಿರೋದು. ಇದು ಸರಿ ಹೋದ್ರೆ ಶೆಡ್ಡಲ್ಲಿ ಇರ್ತಾನೆ. ಇಲ್ಲಾಂದ್ರೆ ಅಕ್ಕನೂ ಇಲ್ಲ, ತಂಗಿನೂ ಇಲ್ಲ." ಭಾವಮೈದುನ ಪೆಟ್ಟಿಗೆಯ ಅಂಚನ್ನೇ ನೋಡುತ್ತ, "ಸರಿ ಇದೆ ಭಾವ, ಮೂರು ಸಲ ಅಳೆದಿದ್ದೀನಿ" ಎಂದ. ದರ್ಜಿಗೆ ಅವರ ಸಂಸಾರದ ಮಾತು ಅರ್ಧ ಕಿವಿಯಲ್ಲಷ್ಟೇ ಬಿತ್ತು. ಕಂಬಳಿ ಒಂದು ಮೂಲೆಯಲ್ಲಿ ಸರಿದು ಕಡುಹಸಿರು ಬಣ್ಣ ಕಾಣಿಸಿತ್ತು. ಅಂಗಡಿಯಲ್ಲಿ ಚೂರು ನೋಡಿ ಆರಿಸಿದಾಗ ಇಷ್ಟು ಹಸಿರು ಇರಲಿಲ್ಲ. ಇದು ಮಳೆ ನಿಂತ ಮೇಲಿನ ಎಲೆಯ ಹಿಂಬದಿ. ಬೆರಳು ಇಟ್ಟ. ತಣ್ಣಗಿತ್ತು.

ಎಡಗೋಡೆಯಿಂದ ಶುರುಮಾಡಿದರು. ಮೊದಲನೆಯದು ಮೂರು ಡ್ರಾಯರಿನದು. ಬಡಗಿ ರಸಮಟ್ಟ ಇಟ್ಟು, ಗುಳ್ಳೆ ನಡುವೆ ಬಂದು ನಿಲ್ಲುವವರೆಗೆ ಕೆಳಗಿನ ಕಾಲು ತಿರುಗಿಸಿ, "ಹೂಂ" ಎಂದ. ದರ್ಜಿ ಮೇಲಿನ ಡ್ರಾಯರನ್ನು ಎಳೆದು ಬಿಟ್ಟ. ಅದು ತಾನಾಗಿ, ಯಾರೋ ಗುಟ್ಟು ಹೇಳಿ ಬಾಯಿ ಮುಚ್ಚಿಕೊಂಡಂತೆ, ಮೆಲ್ಲಗೆ ಒಳಗೆ ಹೋಗಿ ಕೂತಿತು. ಇನ್ನೊಮ್ಮೆ ಎಳೆದ. "ಸವೆದು ಹೋಗುತ್ತೆ ಅಳಿಯಂದ್ರೇ, ಮಕ್ಕಳಿಗೂ ಸ್ವಲ್ಪ ಉಳಿಸಿ" ಎಂದರು ಅತ್ತೆ. ಎಂದವರೇ ಕೆಳಗಿನದನ್ನು ತಾವೂ ಎಳೆದು ನೋಡಿದರು. ಎರಡನೆಯದು ಒಲೆಯ ಕೆಳಗಿನದು, ಅಗಲ. ಮೂರನೆಯದು ನೀರಿನ ತೊಟ್ಟಿಯ ಕೆಳಗಿನದು. ನಲ್ಲಿಯ ಕೊಳವೆಗೆಂದು ಭಾವಮೈದುನ ಹಿಂದೆ ಕೊರೆದಿದ್ದ ತೂತು ಕೊಳವೆಯ ಎದುರಿಗೇ ಬಂತು, ಕಾಜಾದೊಳಗೆ ಗುಂಡಿ ತೂರಿದ ಹಾಗೆ. ದರ್ಜಿ ಅವನ ಬೆನ್ನು ತಟ್ಟಿದ. ಅವನು ಮೊದಲ ಸಲ ನಕ್ಕ. ಬಡಗಿ ಕೂಡ, ಮುಖ ತಿರುಗಿಸಿಕೊಂಡು. ಕೋಣೆಯಲ್ಲಿ ಹೊಸ ಮರದ, ಅಂಟಿನ ವಾಸನೆ. ಮೂರು ಪೆಟ್ಟಿಗೆ ಸಾಲಾಗಿ ನಿಂತಾಗ ಗೋಡೆಗೆ ಒಂದು ಮುಖ ಬಂದಂತಾಯಿತು. ಎಲ್ಲಿ ಏನಿಡಬೇಕೆಂದು ಅವನ ಕೈಗಳಿಗೆ ಆಗಲೇ ಗೊತ್ತಿತ್ತು. ಉಪ್ಪು ಬಲಕ್ಕೆ, ಚಾಕು ಎಡಕ್ಕೆ, ದೊಡ್ಡ ಪಾತ್ರೆ ಕೆಳಗೆ. ನಾಲ್ಕನೆಯದನ್ನು ಇಬ್ಬರೂ ಎತ್ತಿ ತಂದು, ಮೂರನೆಯದರ ಪಕ್ಕಕ್ಕೆ ಇಟ್ಟು, ತಳ್ಳಿದರು. ಅದು ಬಲಗೋಡೆಯ ಮೂಲೆಗೆ ಢಕ್ಕೆಂದು ಬಡಿದು ನಿಂತಿತು. ಇನ್ನೊಮ್ಮೆ ತಳ್ಳಿದರು. ಬಡಗಿ ಟೇಪು ತೆಗೆದ. ಒಳಗೆ ಹೋಗಲಾರದೆ ಹೊರಗೆ ಉಳಿದದ್ದು ಎರಡೂ ಮುಕ್ಕಾಲು ಇಂಚು.

ಒಂದು ಸಂಖ್ಯೆ ಕಿವಿಗೆ ಬೀಳುವುದಕ್ಕೂ ಹೊಟ್ಟೆಗೆ ಇಳಿಯುವುದಕ್ಕೂ ನಡುವೆ ಎಷ್ಟು ಹೊತ್ತು ಹಿಡಿಯುತ್ತದೆ. ಅವನಿಗೆ ಮೊದಲು ಕಂಡದ್ದು ಅತ್ತೆಯ ಹೆಬ್ಬೆರಳು. ಹಳೆಯ ಕಟ್ಟೆ ಒಡೆಸಿದ ದಿನ, ಅದೇ ಬಲಗೋಡೆಯ ಮೂಲೆಯಲ್ಲಿ, ಅವನ ಹೊಲಿಗೆಯ ಹಳದಿ ಟೇಪಿನ ತುದಿಯನ್ನು ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು ಅತ್ತೆ ಕೂತಿದ್ದರು. ಟೇಪು ಸಾಲದೆ ಎರಡು ಸಲ ಅಳೆದದ್ದು. ಬಡಗಿ ಮತ್ತೆ ಬಂದು ಅಳೆಯುತ್ತೇನೆ ಎಂದಿದ್ದ, ಇವನೇ ಬೇಡವೆಂದಿದ್ದ. ಇಷ್ಟು ದೂರ ಯಾಕೆ ಬರ್ತೀರಿ, ಉಸಿರಾಡೋ ಮೈಯನ್ನೇ ಅಳೆಯೋನು ನಾನು, ಅಲ್ಲಾಡದ ಗೋಡೆ ಅಳೀಲಾರೆನಾ. ನೂರ ಹದಿನೆಂಟು, ಎಂದು ಬಾಯಿ ಹೇಳಿತ್ತು. ಅತ್ತೆ ಆ ಕಡೆಯಿಂದ ನೂರ ಹದಿನೆಂಟು ಎಂದು ಮರಳಿ ಹೇಳಿದ್ದರು. ಕಿವಿಯ ಹಿಂದಿನ ಪೆನ್ಸಿಲ್ಲು ತೆಗೆದುಕೊಂಡ ಕೈ ಮಾತ್ರ ಬಾಯಿಯ ಮಾತು ಕೇಳಲಿಲ್ಲ. ಇಪ್ಪತ್ತೆರಡು ವರ್ಷ ಪ್ರತಿ ಎದೆ ಸುತ್ತಳತೆಗೆ, ಪ್ರತಿ ಸೊಂಟಕ್ಕೆ, ಹೊಲಿಗೆಗೆಂದು ಆ ಬದಿ ಒಂದೂವರೆ, ಈ ಬದಿ ಒಂದೂವರೆ ತಾನೇ ಸೇರಿಸುತ್ತ ಬಂದ ಕೈ, ಇಲ್ಲಿಯೂ ಸೇರಿಸಿತು. ನೂರ ಇಪ್ಪತ್ತೊಂದು ಎಂದು ಬರೆಯಿತು. ಗೋಡೆಗೆ ಹೊಲಿಗೆ ಬಿಟ್ಟ ದರ್ಜಿ. ಆ ಚೀಟಿ ನೋಡಿಕೊಂಡೇ ಫೋನು ಮಾಡಿದ. ಶೆಡ್ಡಿನಲ್ಲಿ ಯಂತ್ರದ ಗಲಾಟೆಯ ನಡುವೆ ಫೋನು ಎತ್ತಿದವನು ಭಾವಮೈದುನ. ನೂರ ಇಪ್ಪತ್ತೊಂದು, ಬರ್ಕೊಂಡೆ ಸಾರ್, ಎಂದಿದ್ದ. ಕೂರುವಾಗ ಸಡಿಲ ಇರಲೆಂದು ಬಡಗಿ ಕಾಲಿಂಚು ಕಡಿಮೆ ಮಾಡಿಸಿದ್ದ. ಉಳಿದದ್ದು ಎರಡೂ ಮುಕ್ಕಾಲು. ಲೆಕ್ಕ ದಾರದಷ್ಟು ನೇರವಾಗಿತ್ತು.

"ಫೋನಲ್ಲಿ ಏನು ಕೇಳಿಸ್ಕೊಂಡೆ ನೀನು?" ಬಡಗಿಯ ದನಿ ಏರಲಿಲ್ಲ, ಅದೇ ಕಷ್ಟವಾಗಿತ್ತು. "ನೂರ ಇಪ್ಪತ್ತೊಂದು ಅಂದ್ರು ಭಾವ. ಹಲಗೆ ಮೇಲೆ ಬರೆದಿದ್ದೆ." "ಬರೆದಿರ್ತೀಯ. ಕೇಳಿಸ್ಕೊಂಡ್ಯಾ ಅಂತ ಕೇಳ್ದೆ." "ಕೇಳಿಸ್ಕೊಂಡೆ." "ಯಂತ್ರ ಆಫ್ ಮಾಡಿ ಕೇಳಿಸ್ಕೊಂಡ್ಯಾ?" ಭಾವಮೈದುನ ಅಂಗೈಯ ಪುಡಿಯನ್ನು ಪ್ಯಾಂಟಿಗೆ ಒರೆಸಿಕೊಂಡ. ಆಫ್ ಮಾಡಿರಲಿಲ್ಲ ಎಂದು ಅವನ ಕೈಗಳಿಂದಲೇ ಗೊತ್ತಾಗುತ್ತಿತ್ತು. "ಒಂದು ಸಲ ಮಾಸ್ಟ್ರನ್ನ ಕೇಳಿ ಭಾವ" ಎಂದ, ಮೆಲ್ಲಗೆ. ಬಡಗಿ ಟೇಪನ್ನು ಪಟ್ಟೆಂದು ಮಡಿಸಿದ. "ಅವರನ್ನ ಯಾಕೆ ಕೇಳ್ಲಿ? ಅಳತೇಲೇ ಬದುಕೋ ಮನುಷ್ಯರು. ಅವರ ಮನೇಲೇ ನಿಂತು, ನೀವು ಎಷ್ಟು ಹೇಳಿದ್ರಿ ಅಂತ ಕೇಳೋಕೆ ನಂಗೆ ನಾಚಿಕೆ ಆಗಲ್ವಾ? ಅವರು ಸರಿಯಾಗೇ ಹೇಳಿರ್ತಾರೆ. ನಿನ್ನ ಕಿವೀಲಿ ಮರದ ಪುಡಿ ಇತ್ತು." ಇಷ್ಟು ಗೌರವ ಬೇಡವಾಗಿತ್ತು. ಕೇಳಿದ್ದರೆ ಹೇಳುತ್ತಿದ್ದನೇನೋ, ಕೇಳದೆ ನಂಬಿದರೆ ಮಾತು ಎಲ್ಲಿಂದ ಶುರುಮಾಡುವುದು. ಹಿಂದೊಮ್ಮೆ ಕನ್ನಡಿಯ ಮುಂದೆ ಶಾಲೆಯ ಟೀಚರೊಬ್ಬರು ಹೀಗೇ ನಂಬಿ ನಿಂತಿದ್ದರು. ನೀಲಿ ಕೋಟು, ಬೆನ್ನಿನಲ್ಲಿ ಅವನೇ ಅರ್ಧ ಇಂಚು ಹೆಚ್ಚು ಕತ್ತರಿಸಿ ಹಾಕಿದ್ದು ಅವನಿಗೆ ಗೊತ್ತಿತ್ತು. ಗುಂಡಿ ಕೂಡಲಿಲ್ಲ. ಸ್ವಲ್ಪ ಮೈ ಬಂದಿದೆ ಅಮ್ಮ, ಎಂದಿದ್ದ, ಎಲ್ಲ ದರ್ಜಿಗಳೂ ಹೇಳುವ ಹಾಗೆ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು. ಅವರು ಕನ್ನಡಿಯಲ್ಲಿ ತಮ್ಮ ಪಕ್ಕೆಯನ್ನು ಮುಟ್ಟಿ ನೋಡಿಕೊಂಡು, ಹೌದಲ್ವಾ, ಎಂದರು. ಮೂರು ತಿಂಗಳು ಬಿಟ್ಟು ಬಂದಾಗ ಕೆನ್ನೆ ಒಳಗೆ ಹೋಗಿತ್ತು. ಕೋಟು ಹಾಕಿಕೊಂಡರು, ಗುಂಡಿ ಕೂಡಿತು. ನೀವು ಹೇಳಿದ್ದು ಒಳ್ಳೇದೇ ಆಯ್ತು ಮಾಸ್ಟ್ರೇ, ರಾತ್ರಿ ಊಟಾನೇ ಬಿಟ್ಟುಬಿಟ್ಟೆ, ಎಂದು ನಕ್ಕರು. ಕೆಳಗೆ ರಸ್ತೆ ದಾಟುವವರೆಗೂ ಕಿಟಕಿಯಿಂದ ಅವರನ್ನು ನೋಡುತ್ತ ನಿಂತಿದ್ದ. ಕೋಟಿನ ಭುಜ ಜೋಲುತ್ತಿತ್ತು.

"ಗಾರೆ ದಪ್ಪ ಬಳಿದಿರಬಹುದು," ಎಂದಿತು ಅವನ ಬಾಯಿ. ತನ್ನ ದನಿ ಎಷ್ಟು ಸಹಜವಾಗಿದೆ ಎಂದು ಅವನಿಗೇ ಬೆರಗಾಯಿತು. ಗೋಡೆಗೂ ಮೈ ಬರಿಸಿದ್ದ. ಬಡಗಿಯ ಮುಖ ಅರಳಿತು. ಭಾವಮೈದುನನ ಮುಖ ಅದಕ್ಕಿಂತ ಮೊದಲು. ಇಬ್ಬರೂ ಬಲಗೋಡೆಗೆ ಹೋಗಿ ಬಗ್ಗಿದರು. ಸ್ವಿಚ್ಚಿನ ಪೆಟ್ಟಿಗೆಗೆಂದು ಬಿಟ್ಟ ತೂತಿನಲ್ಲಿ ಗಾರೆಯ ಅಂಚು ಕಾಣುತ್ತಿತ್ತು. ಬಡಗಿ ಅದಕ್ಕೆ ಉಗುರು ಹಿಡಿದು ನೋಡಿದ. "ಅರ್ಧ ಇಂಚೂ ಇಲ್ಲ ಮಾಸ್ಟ್ರೇ, ಹಳೇ ಗಾರೆ ಇದ್ದಷ್ಟೇ ಇದೆ. ಗಾರೆಯವನು ಚೆನ್ನಾಗೇ ಬಳಿದಿದ್ದಾನೆ. ಅವನ ತಪ್ಪಲ್ಲ." ಮತ್ತೆ ಎದ್ದು ನಿಂತು ಭಾವಮೈದುನನ ಕಡೆ ನೋಡಲಿಲ್ಲ. ಗೋಡೆಗೆ ಹೇಳುವವನ ಹಾಗೆ ಹೇಳಿದ: "ನಾಳೆಯಿಂದ ನೀನು ಶೆಡ್ಡಿಗೆ ಬರೋದು ಬೇಡ. ಅಕ್ಕನಿಗೆ ನಾನೇ ಹೇಳ್ತೀನಿ." ಭಾವಮೈದುನ ಕೈಯಲ್ಲಿದ್ದ ಸ್ಕ್ರೂಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿ, ಮುಚ್ಚಳ ತಿರುಗಿಸಿ, ಅದನ್ನು ಮೂರನೆಯ ಪೆಟ್ಟಿಗೆಯ ಮೇಲಿಟ್ಟು ಹೊರಗೆ ಹೋದ. ಚಪ್ಪಲಿ ಮೆಟ್ಟಿಲಿಳಿಯುವ ಸದ್ದು, ಆಮೇಲೆ ವ್ಯಾನಿನ ಬಾಗಿಲು. ಹೇಳು, ಎಂದಿತು ದರ್ಜಿಯ ಒಳಗೆ ಏನೋ. ಇನ್ನೂ ತಡವಾಗಿಲ್ಲ. ಆದರೆ ಹೇಳಿದರೆ ಈ ಮನೆಯಲ್ಲಿ ಅವನಿಗೆ ಉಳಿಯುವುದೇನು? ಹೆಂಡತಿ ಸ್ಟೀರಿಂಗು ಹಿಡೀತಾಳೆ, ಗಂಡ ಸೌಟು ಹಿಡೀತಾನೆ, ಎಂದು ಬೀದಿಯವರು ನಗುವಾಗಲೂ ಬೆನ್ನು ನೆಟ್ಟಗಿದ್ದದ್ದು ಒಂದೇ ಕಾರಣಕ್ಕೆ: ಅವನ ಅಳತೆ ತಪ್ಪುವುದಿಲ್ಲ.

"ಮೇಸ್ತ್ರೀ, ಆ ಹುಡುಗನ್ನ ಬಯ್ಯಬೇಡಿ." ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದರು. ಅವರಿಗೆ ಗೊತ್ತು ಎಂದು ಅವನಿಗೆ ಆಗಲೇ ಗೊತ್ತಿತ್ತು. ನೂರ ಹದಿನೆಂಟು ಎಂದು ಮರಳಿ ಹೇಳಿದವರು ಅವರೇ. ಅಳಿಯನ ಕಡೆ ಒಂದು ಸಲವೂ ನೋಡದೆ ಅವರು ಮುಂದುವರಿಸಿದರು. "ಆವತ್ತು ಟೇಪಿನ ತುದಿ ಹಿಡಿದಿದ್ದು ನಾನು. ವಯಸ್ಸಾಯ್ತಲ್ಲ, ಕೈ ನಡುಗುತ್ತೆ. ಮೂಲೆಗೆ ಹಿಡೀದೆ ಎಲ್ಲೋ ಹಿಡಿದಿದ್ದೆ ಅಂತ ಕಾಣುತ್ತೆ. ನಂದೇ ತಪ್ಪು ಅಂದ್ಕೊಳ್ಳಿ." ಬಡಗಿ ನಾಲಿಗೆ ಕಚ್ಚಿಕೊಂಡ. "ಅಯ್ಯೋ ಬಿಡೀಮ್ಮ, ನೀವು ದೊಡ್ಡವರು." ಆ ಕೈ ನಡುಗುತ್ತಿರಲಿಲ್ಲ. ಈ ವಯಸ್ಸಿನಲ್ಲೂ ಸೂಜಿಗೆ ದಾರ ಪೋಣಿಸುವ ಕೈ ಅದು. ಎಷ್ಟೋ ಸಲ ಅವನ ಸೂಜಿಗೇ ಪೋಣಿಸಿ ಕೊಟ್ಟಿತ್ತು. ತಪ್ಪು ಈ ಕೋಣೆಯಲ್ಲಿ ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ, ಯಾರಿಗೂ ಸರಿಹೋಗದ ಅಂಗಿಯ ಹಾಗೆ, ತಿರುಗುತ್ತಿತ್ತು. ಅತ್ತೆ ಅದನ್ನು ತೊಟ್ಟುಕೊಂಡು, ತಮ್ಮದೇ ಎನ್ನುವಷ್ಟು ಗಂಭೀರವಾಗಿ ನಿಂತಿದ್ದರು.

"ನನ್ನ ಅಳತೆ ಅದು," ಎಂದ ದರ್ಜಿ. ಯಾರಿಗೂ ಕೇಳಿಸಲಿಲ್ಲ ಅನ್ನಿಸಿ ಮತ್ತೆ ಹೇಳಿದ. "ಮೇಸ್ತ್ರೀ, ಅದು ನಾನು ಕೊಟ್ಟ ಅಳತೆ. ಗೋಡೆ ನೂರ ಹದಿನೆಂಟೇ. ನೂರ ಇಪ್ಪತ್ತೊಂದು ಅಂತ ಫೋನಲ್ಲಿ ಹೇಳಿದ್ದು ನಾನು. ಅವರು ಸರಿಯಾಗೇ ಕೇಳಿಸ್ಕೊಂಡಿದ್ದಾರೆ, ಸರಿಯಾಗೇ ಕುಯ್ದಿದ್ದಾರೆ. ಅತ್ತೇನೂ ಸರಿಯಾಗೇ ಹಿಡಿದಿದ್ರು." ಬಡಗಿ ಅರ್ಥವಾಗದೆ ನೋಡಿದ. "ಮೂರು ಇಂಚು ಹೆಚ್ಚು ಯಾಕೆ ಹೇಳಿದ್ರಿ?" ಇದಕ್ಕೆ ಉತ್ತರ ಹೇಳುವುದು ತಪ್ಪು ಒಪ್ಪಿಕೊಳ್ಳುವುದಕ್ಕಿಂತ ನಾಚಿಕೆಯ ಸಂಗತಿಯಾಗಿತ್ತು. "ಹೊಲಿಗೆಗೆ ಬಿಟ್ಟೆ," ಎಂದ. "ಆ ಕಡೆ ಒಂದೂವರೆ, ಈ ಕಡೆ ಒಂದೂವರೆ." ಮೊದಲು ನಕ್ಕವರು ಅತ್ತೆ, ಸೆರಗನ್ನು ಬಾಯಿಗೆ ಒತ್ತಿಕೊಂಡು. ಆಮೇಲೆ ಬಡಗಿ, ಪೆಟ್ಟಿಗೆಯ ಮೇಲೆ ಕೈ ಊರಿ, ತಲೆ ತಗ್ಗಿಸಿ, ಭುಜ ಕುಣಿಸಿಕೊಂಡು. "ಗೋಡೆಗೆ ಹೊಲಿಗೆ ಬಿಟ್ರಾ ಮಾಸ್ಟ್ರೇ. ಎರಡು ವರ್ಷ ಆದ್ಮೇಲೆ ಗೋಡೆ ದಪ್ಪ ಆದ್ರೆ ಬಿಚ್ಚಿ ಹೊಲಿಯೋಕಾ?" ದರ್ಜಿಯೂ ನಗುತ್ತಿದ್ದ. ನಗು ಎಲ್ಲಿಂದ ಬರುತ್ತಿದೆಯೋ ತಿಳಿಯದೆ, ಪಕ್ಕೆ ಹಿಡಿದುಕೊಂಡು. ನಾಚಿಕೆ ಹೋಗಿರಲಿಲ್ಲ, ಅಲ್ಲೇ ಇತ್ತು. ಆದರೆ ಬಿಗಿಯಾದ ಕಾಲರಿನ ಗುಂಡಿ ಬಿಚ್ಚಿದ ಹಾಗೆ ಗಾಳಿ ಒಳಗೆ ಬರುತ್ತಿತ್ತು. ಬೆಳಗಿನ ಸಂಭ್ರಮ, ಎಲ್ಲಿ ಹೋಗಿ ನಿಂತಿತ್ತೋ, ಮೆಟ್ಟಿಲು ಹತ್ತಿ ವಾಪಸ್ಸು ಬರುತ್ತಿತ್ತು. ಅವನೇ ಕಿಟಕಿಗೆ ಹೋಗಿ ಕೆಳಗೆ ಕೂಗಿದ: "ಬನ್ನಿ ಮೇಲೆ. ತಪ್ಪು ನಂದು. ನಿಮ್ಮದಲ್ಲ." ವ್ಯಾನಿನ ಪಕ್ಕ ನಿಂತಿದ್ದವನು ತಲೆ ಎತ್ತಿ, ಕೇಳಿಸದವನ ಹಾಗೆ ಕಿವಿಗೆ ಕೈ ಹಿಡಿದ. ದರ್ಜಿ ಇನ್ನೂ ಜೋರಾಗಿ ಕೂಗಿದ. ಬಟ್ಟೆ ಒಣಹಾಕುತ್ತಿದ್ದ ಎದುರು ಮನೆಯವರು ತಿರುಗಿ ನೋಡಿದರು. ನೋಡಲಿ.

ಅವನು ಬಂದ. ಬಡಗಿ ಅವನಿಗೆ ಮುಖ ಕೊಡದೆ ಪೆಟ್ಟಿಗೆಯ ಕಡೆ ತಿರುಗಿದ. ತಪ್ಪಾಯಿತು ಎನ್ನುವ ಮಾತು ಭಾವಂದಿರ ಗಂಟಲಿನಲ್ಲಿ ಇಳಿಯುವುದೂ ಇಲ್ಲ, ಏರುವುದೂ ಇಲ್ಲ. "ನಾಲ್ಕನೇದರ ಪಕ್ಕದ ಹಲಗೆ ಬಿಚ್ಚು," ಎಂದ. ಒಂದು ನಿಮಿಷ ಬಿಟ್ಟು, "ಗರಗಸದ ಮಷೀನು ನೀನೇ ತಗೊಂಡು ಬಾ" ಎಂದ. ಅಷ್ಟು ಸಾಕಿತ್ತು, ಆ ಉದ್ದನೆಯ ಮನುಷ್ಯ ಮೆಟ್ಟಿಲನ್ನು ಓಡಿ ಇಳಿದದ್ದು ಕೇಳಿಸಿತು. ದರ್ಜಿಗೆ ಈಗ ತಡೆಯಲಾಗಲಿಲ್ಲ. "ಮೇಸ್ತ್ರೀ, ಒಂದೇ ಕಡೆ ಹಿಡಿದ್ರೆ ಎದ್ದು ಕಾಣುತ್ತೆ. ನಾಲ್ಕರಲ್ಲೂ ಸ್ವಲ್ಪ ಸ್ವಲ್ಪ ಒಳಗೆ ಹಿಡಿದುಬಿಡಿ, ಯಾರಿಗೂ ಗೊತ್ತಾಗಲ್ಲ." ಬಡಗಿ ಅವನ ಕಡೆ ತಿರುಗಿದ. "ಇದು ಕೋಟಲ್ಲ ಮಾಸ್ಟ್ರೇ. ನಾಲ್ಕನ್ನೂ ಬಿಚ್ಚಿದ್ರೆ ನೀವು ಇನ್ನೂ ಹದಿನೆಂಟು ದಿನ ಮೇಜಿನ ಕೆಳಗೇ ಅಡುಗೆ ಮಾಡ್ಬೇಕು. ಒಂದರಲ್ಲೇ ಹಿಡೀತೀನಿ. ಕಂಡ್ರೆ ಕಾಣ್ಲಿ." ಕಂಡರೆ ಕಾಣಲಿ. ಹಾಗೂ ಒಂದು ಉಂಟಲ್ಲ ಎನ್ನಿಸಿತು ಅವನಿಗೆ. ಬಡಗಿ ತನ್ನ ಉಕ್ಕಿನ ಟೇಪಿನಲ್ಲಿ ಗೋಡೆಯನ್ನು ಅಳೆದ, ಅತ್ತೆಯನ್ನೇ ಕರೆದು ತುದಿ ಹಿಡಿಸಿದ. "ನೂರ ಹದಿನೆಂಟು," ಎಂದರು ಅತ್ತೆ, ಕನ್ನಡಕವಿಲ್ಲದೆ.

ಹಲಗೆಗಳನ್ನೂ ಹಸಿರು ಬಾಗಿಲನ್ನೂ ಬಿಚ್ಚಿ, ಹೊಲಿಗೆಯ ಮೇಜಿನ ಮೇಲೆ ಹಳೆಯ ಚಾದರ ಹಾಸಿ ಮಲಗಿಸಿದರು. ಬಡಗಿ ಎರಡು ತುದಿಯಲ್ಲಿ ಗುರುತು ಮಾಡಿ, "ಗೆರೆ ನೀವೇ ಎಳೀರಿ" ಎಂದು ಮರದ ಪಟ್ಟಿ ಕೊಟ್ಟ. ಅದರಲ್ಲಿ ಕೀಟಲೆ ಎಷ್ಟು, ಮರ್ಯಾದೆ ಎಷ್ಟು ಎಂದು ಬಿಡಿಸುವಂತಿರಲಿಲ್ಲ. ದರ್ಜಿ ತನ್ನ ಬಿಳಿ ಸೀಮೆಸುಣ್ಣದ ಅಂಚನ್ನು ಉಗುರಿನಿಂದ ಚೂಪು ಮಾಡಿ, ಉಸಿರು ಹಿಡಿದು, ಕಡುಹಸಿರಿನ ಮೇಲೆ ಎಳೆದ. ಕೂದಲಿನಷ್ಟು ಸಣ್ಣ ಗೆರೆ. ಭಾವಮೈದುನ ಮಷೀನು ಹಿಡಿದು ಬಗ್ಗಿದವನು, ಬೆರಳು ಗುಂಡಿಯ ಮೇಲಿಟ್ಟು, ತಲೆ ಎತ್ತಿದ. "ಗೆರೆ ಬಿಟ್ಟು ಈಚೆ ಕುಯ್ಲಾ ಮಾಸ್ಟ್ರೇ, ಗೆರೆ ಮೇಲೇ ಕುಯ್ಲಾ?" ಕೇಳಿದ್ದು ಅವನನ್ನು; ಭಾವನನ್ನಲ್ಲ. ದರ್ಜಿಯ ಬಲಗೈ ಒಂದು ಕ್ಷಣ ತಾನಾಗಿಯೇ ಮುಂದೆ ಬಂದಿತು. ಗೆರೆಯಿಂದ ಈಚೆಗೆ ಇಷ್ಟು ಬಿಡಿ ಎಂದು ತೋರಿಸಲು ಎರಡು ಬೆರಳು ಅಗಲಿಸಿಕೊಂಡು. ಅದನ್ನು ಹಿಂದಕ್ಕೆ ತೆಗೆದುಕೊಂಡು ಜೇಬಿಗೆ ಹಾಕಿದ. "ಗೆರೆ ಮೇಲೇ," ಎಂದ. ಮಷೀನು ಗುಂಯ್ ಎಂದಿತು. ಸೀಮೆಸುಣ್ಣದ ಗೆರೆ ಒಂದು ತುದಿಯಿಂದ ಮರದ ಪುಡಿಯಾಗಿ ಹಾರುತ್ತ ಬಂತು. ಯಾರೂ ಕಣ್ಣು ಮಿಟುಕಿಸಲಿಲ್ಲ. ಅತ್ತೆ ಎರಡೂ ಕಿವಿ ಮುಚ್ಚಿಕೊಂಡು ಮಕ್ಕಳ ಹಾಗೆ ಬಗ್ಗಿ ನೋಡುತ್ತಿದ್ದರು.

ನಾಲ್ಕು ಗಂಟೆಯ ಹೊತ್ತಿಗೆ ನಾಲ್ಕನೆಯ ಪೆಟ್ಟಿಗೆಯನ್ನು ಎತ್ತಿ ತಂದರು. ಈ ಸಲ ದರ್ಜಿಯೂ ಒಂದು ಮೂಲೆ ಹಿಡಿದ. ಭಾವಮೈದುನ ಮೊಣಕಾಲು ಕೊಟ್ಟು ತಳ್ಳಿದ; ಅದು ಮೂರನೆಯದರ ಮೈಯನ್ನೂ ಗೋಡೆಯನ್ನೂ ಸವರಿಕೊಂಡು, ಬಿಗಿಯೂ ಅಲ್ಲದೆ ಸಡಿಲವೂ ಅಲ್ಲದೆ, ಒಳಗೆ ಹೋಗಿ ನಿಂತಿತು. ಬಡಗಿ ಮುಷ್ಟಿಯಿಂದ ಒಂದು ಗುದ್ದು ಗುದ್ದಿ, ಭಾವಮೈದುನನ ಹೆಗಲ ಮೇಲಿನ ಪುಡಿಯನ್ನು ಅದೇ ಕೈಯಿಂದ ಕೊಡವಿ, "ಕೂತ್ತು" ಎಂದ. ಕೊನೆಯ ಬಾಗಿಲು ಉಳಿದವಕ್ಕಿಂತ ಸಣ್ಣದೆಂದು ಚೆನ್ನಾಗಿಯೇ ಕಾಣುತ್ತಿತ್ತು. ದರ್ಜಿ ಅದನ್ನೇ ಮೊದಲು ತೆರೆದ, ಮುಚ್ಚಿದ, ಮತ್ತೆ ತೆರೆದ. ಅಷ್ಟರಲ್ಲಿ ಫೋನು ಬಂತು. ಹೆಂಡತಿ, ಹಿಂದೆ ಡಿಪೋದ ಗದ್ದಲ, ಯಾರೋ ಹಾರನ್ ಒತ್ತುತ್ತಿದ್ದರು. "ರೀ, ಕೂತಿತಾ?" ಎಂದಳು, ಮಾತಿನ ಮೊದಲು ಉಸಿರು ಬಿಡುತ್ತ, ಬೆಳಗಿನಿಂದ ಇದೊಂದನ್ನೇ ಸ್ಟೀರಿಂಗಿನ ಪಕ್ಕ ಇಟ್ಟುಕೊಂಡು ಓಡಾಡಿದವಳ ಹಾಗೆ. ಬಡಗಿಯೂ ಭಾವಮೈದುನನೂ ಕೈ ತೊಳೆಯಲು ನಲ್ಲಿಯ ಹತ್ತಿರ ನಿಂತಿದ್ದರು. ಅತ್ತೆ ಚಹಾಕ್ಕೆ ನೀರಿಡುತ್ತಿದ್ದರು. ಅವನು ಹೊರಗೆ ಹೋಗಲಿಲ್ಲ, ದನಿ ತಗ್ಗಿಸಲಿಲ್ಲ. ಹೊಸ ಪೆಟ್ಟಿಗೆಗೆ ಸೊಂಟ ಆನಿಸಿಕೊಂಡ. "ಕೂತ್ತು. ಆದ್ರೆ ಮೊದಲು ಕೂರಲಿಲ್ಲ," ಎಂದ. "ಯಾಕೆ ಅಂತ ಕೇಳು. ಕೇಳು, ಹೇಳ್ತೀನಿ."